ಲೋಡರ್ ಬಕೆಟ್ಟಿನಲ್ಲಿ ಆಳನ್ನು ಎತ್ತುವ ಮುಂಚೆ

ಮಾರ್ಚ್ ಬಂತೆಂದರೆ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ತೋಟಗಳಲ್ಲಿ ಎಲ್ಲರೂ ತಲೆ ಎತ್ತಿ ಮೇಲೆ ನೋಡಲು ಶುರು ಮಾಡುತ್ತಾರೆ. ಸಿಲ್ವರ್ ಓಕ್ ಮೇಲೆ ಹಬ್ಬಿದ ಮೆಣಸು ಇನ್ನೂ ಅರ್ಧ ಉಳಿದಿರುತ್ತದೆ. ಮಳೆ ಹಿಡಿಯುವುದರೊಳಗೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವುದು, ಮುಗಿಯಬೇಕು. ಕಣದ ಪಕ್ಕದ ಗೋದಾಮಿನ ಶೀಟು ಒಡೆದಿರುತ್ತದೆ. ಮರ ಹತ್ತುವವರು ಸಿಗುವುದಿಲ್ಲ, ಸಿಕ್ಕರೂ ಅವರಿಗೆ ಹತ್ತು ತೋಟದಿಂದ ಫೋನು. ಆಗ ಟ್ರ್ಯಾಕ್ಟರಿನ ಮುಂದೆ ಬಕೆಟ್ ಸಿಕ್ಕಿಸಿದ ಲೋಡರ್ ನೋಡಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಲೋಡರ್ ಸುಮ್ನೆ ನಿಂತಿದೆಯಲ್ಲ, ಬಕೆಟ್ಟಲ್ಲಿ ನಿಲ್ಲಿಸಿ ಎತ್ತಿಬಿಡೋಣ, ಐದು ನಿಮಿಷದ ಕೆಲಸ."

ಹಾಗೆ ಅನ್ನಿಸುವುದರಲ್ಲಿ ಆಶ್ಚರ್ಯ ಇಲ್ಲ. ಚುನಾವಣೆ ಬಂದರೆ ಸಾಕು, ಕ್ರೇನಿನಲ್ಲಿ ಸೇಬಿನ ಹಾರ ತೂಗಾಡುತ್ತದೆ, ಪಕ್ಕದಲ್ಲಿ ಜೆಸಿಬಿ ಬಕೆಟ್ ತುಂಬ ಹುಡುಗರು ನಿಂತು ಹೂವು ಸುರಿಯುತ್ತಾರೆ. ಅದನ್ನು ನೋಡಿ ನೋಡಿ ಬಕೆಟ್ ಅಂದರೆ ನಿಲ್ಲುವ ಜಾಗ ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಲೋಡರಿಗೂ, ಮನುಷ್ಯರನ್ನು ಬಾಸ್ಕೆಟ್ಟಿನಲ್ಲಿ ನಿಲ್ಲಿಸಿ ಎತ್ತಲೆಂದೇ ಮಾಡಿದ ಬೂಮ್ ಲಿಫ್ಟಿಗೂ ಇರುವ ವ್ಯತ್ಯಾಸ ಬರೀ ಎತ್ತರದ್ದಲ್ಲ. ಲೋಡರ್ ಮಾಡಿದವನ ತಲೆಯಲ್ಲಿ ಇದ್ದದ್ದು ಮಣ್ಣು, ಗೊಬ್ಬರ, ಜಲ್ಲಿ. ಅದು ಮೇಲಿಂದ ಚೆಲ್ಲಿದರೆ ಮತ್ತೆ ತುಂಬಿಕೊಂಡರಾಯಿತು. ಹಾಗಾಗಿ ಏನಾದರೂ ಕೆಟ್ಟರೆ ಬಕೆಟ್ ಕೆಳಗೆ ಬಿದ್ದೀತು ಅನ್ನುವುದನ್ನು ಅವನು ಒಪ್ಪಿಕೊಂಡೇ ಯಂತ್ರ ಮಾಡಿರುತ್ತಾನೆ. ಬೂಮ್ ಲಿಫ್ಟ್ ಮಾಡಿದವನು ಇದನ್ನು ಒಪ್ಪಿಕೊಳ್ಳುವ ಹಾಗೇ ಇಲ್ಲ. ಪೈಪ್ ಒಡೆಯಲಿ, ಎಂಜಿನ್ ನಿಲ್ಲಲಿ, ಕೆಳಗಿನವನು ತಪ್ಪು ಲಿವರ್ ಹಿಡಿಯಲಿ, ಮೇಲಿರುವವನು ಮೇಲೇ ಇರಬೇಕು. ಈ ಒಂದು ವಿಷಯ ತಲೆಗೆ ಹೋದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಹೈಡ್ರಾಲಿಕ್ ನೋಡೋಣ. ಲೋಡರಿನ ತೋಳನ್ನು ಎತ್ತಿ ಹಿಡಿದಿರುವುದು ಸಿಲಿಂಡರಿನೊಳಗಿನ ಎಣ್ಣೆ. ಆ ಎಣ್ಣೆ ರಬ್ಬರ್ ಪೈಪಿನಲ್ಲಿ ಹೋಗಿ ಬರುತ್ತದೆ. ಆ ಪೈಪ್ ಬಿಸಿಲಲ್ಲಿ ಒಣಗಿರುತ್ತದೆ, ಕಾಫಿ ಗಿಡದ ರೆಂಬೆಗೆ ಉಜ್ಜಿರುತ್ತದೆ, ಒಂದು ಕಡೆ ಮೇಲ್ಪದರ ಹೋಗಿ ಒಳಗಿನ ತಂತಿ ಕಾಣುತ್ತಿರುತ್ತದೆ. ನಿಮ್ಮ ಟ್ರ್ಯಾಕ್ಟರಿನ ಪೈಪ್ ಒಮ್ಮೆ ಬಗ್ಗಿ ನೋಡಿ, ಗೊತ್ತಾಗುತ್ತದೆ. ಅದು ಒಡೆದರೆ ಎಣ್ಣೆ ಹೊರಗೆ, ಬಕೆಟ್ ಕೆಳಗೆ. ಸಾಮಾನ್ಯ ಟ್ರ್ಯಾಕ್ಟರ್ ಲೋಡರುಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುವುದಿಲ್ಲ. ಬೂಮ್ ಲಿಫ್ಟಿನಲ್ಲಿ ಎಣ್ಣೆಯನ್ನು ಹಿಡಿದಿಡುವ ವಾಲ್ವ್ ಸಿಲಿಂಡರಿನ ಮೈಮೇಲೇ ಕೂತಿರುತ್ತದೆ. ಪೈಪ್ ಒಡೆದರೆ ಪೈಪಿನಲ್ಲಿದ್ದ ಎಣ್ಣೆ ಮಾತ್ರ ಹೋಗುತ್ತದೆ, ಸಿಲಿಂಡರಿನದು ಅಲ್ಲೇ ಉಳಿಯುತ್ತದೆ, ಬೂಮ್, ಅಂದರೆ ಅದರ ತೋಳು, ನಿಂತಲ್ಲೇ ನಿಲ್ಲುತ್ತದೆ.

ಎರಡನೆಯದು, ಬಕೆಟ್ ಮಗುಚುವುದು. ಮಗುಚುವುದಕ್ಕೇ ಅಲ್ವಾ ಅದನ್ನು ಮಾಡಿರುವುದು? ಎತ್ತುವುದಕ್ಕೂ ಮಗುಚುವುದಕ್ಕೂ ಎಷ್ಟೋ ಲೋಡರುಗಳಲ್ಲಿ ಒಂದೇ ಲಿವರ್. ಹಿಂದೆ ಮುಂದೆ ಮಾಡಿದರೆ ತೋಳು, ಎಡಕ್ಕೆ ಬಲಕ್ಕೆ ಮಾಡಿದರೆ ಬಕೆಟ್. ಡ್ರೈವರ್ ಬೀಡಿ ಹಚ್ಚಲು ತಿರುಗಿದಾಗ ಮೊಣಕೈ ತಗುಲಿದರೂ ಸಾಕು. ಇನ್ನು ಕೆಲವು ಲೋಡರುಗಳಲ್ಲಿ ತೋಳು ಏರುತ್ತಾ ಹೋದ ಹಾಗೆ ಬಕೆಟ್ಟಿನ ಕೋನವೂ ಬದಲಾಗುತ್ತದೆ. ನೆಲದಲ್ಲಿ ಸಮ ಇದ್ದದ್ದು ಮೇಲೆ ಹೋದಾಗ ವಾಲುತ್ತದೆ. ಡ್ರೈವರ್ ಆಗಾಗ ಸರಿ ಮಾಡುತ್ತಲೇ ಇರಬೇಕು. ಅಂದರೆ ಮೇಲೆ ನಿಂತವನ ಜೀವ ಕೆಳಗೆ ಕೂತವನ ಗಮನದ ಮೇಲೆ ನಿಂತಿದೆ. ಎಂಜಿನ್ ಸದ್ದಿನಲ್ಲಿ ಇವನು ಕೂಗಿದ್ದು ಅವನಿಗೆ ಕೇಳುವುದಿಲ್ಲ, "ಸಾಕು" ಅಂದದ್ದು "ಹಾಕು" ಅಂತ ಕೇಳಿದರೂ ಕೇಳಿತು. ಬೂಮ್ ಲಿಫ್ಟಿನಲ್ಲಿ ಕಂಟ್ರೋಲ್ ಇರುವುದು ಬಾಸ್ಕೆಟ್ಟಿನಲ್ಲೇ. ಮೇಲಿರುವವನೇ ಓಡಿಸುತ್ತಾನೆ. ಕಾಲಿನ ಪೆಡಲ್ ಒತ್ತಿ ಹಿಡಿದರೆ ಮಾತ್ರ ಅಲುಗಾಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಆ ಪೆಡಲ್ ಮೇಲೆ ಕಲ್ಲು ಇಟ್ಟು ಕೆಲಸ ಮಾಡುವ ಜಾಣರೂ ಇದ್ದಾರೆ. ಅಂಥವರ ಕೈಗೆ ಬೀಗದ ಕೈ ಕೊಡಲೇಬೇಡಿ.

ಮೂರನೆಯದು ನಮ್ಮ ಕಡೆಯ ಇಳಿಜಾರು ನೆಲಕ್ಕೆ ತುಂಬಾ ಮುಖ್ಯ. ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ಇದೆ, ಆದರೆ ಅದು ನಾಲ್ಕು ಕಾಲಿನ ಮೇಜಿನ ಹಾಗೆ ನಿಂತಿಲ್ಲ. ಮುಂದಿನ ಆಕ್ಸಲ್ ನಡುವೆ ಒಂದು ಪಿನ್ನಿಗೆ ಸಿಕ್ಕಿಸಿರುತ್ತದೆ, ಉಬ್ಬು ತಗ್ಗಿನಲ್ಲಿ ಮುಂದಿನ ಚಕ್ರಗಳು ಮೇಲೆ ಕೆಳಗೆ ಆಡಲಿ ಅಂತ. ಹಾಗಾಗಿ ಪಕ್ಕಕ್ಕೆ ಬೀಳದಂತೆ ತಡೆಯುವ ವಿಷಯದಲ್ಲಿ ಅದು ಮೂರು ಕಾಲಿನ ಸ್ಟೂಲ್: ಹಿಂದಿನ ಎರಡು ಚಕ್ರ, ಮುಂದೆ ಆ ಪಿನ್ನು. ಆಕ್ಸಲ್ ತನ್ನ ಮಿತಿಯವರೆಗೆ ತಿರುಗಿ ತಡೆ ಸಿಗುವ ತನಕ ಮುಂದಿನ ಚಕ್ರಗಳಿಂದ ಸಹಾಯವೇ ಇಲ್ಲ, ಅಷ್ಟು ಹೊತ್ತಿಗೆ ಟ್ರ್ಯಾಕ್ಟರ್ ವಾಲಿ ವೇಗ ಹಿಡಿದಿರುತ್ತದೆ. ಲೋಡರಿನ ಭಾರ ಬೀಳುವುದು ಮುಂದೆ, ಈ ತ್ರಿಕೋನದ ಚೂಪು ತುದಿಯ ಕಡೆಗೇ. ಹಿಂದಿನ ಚಕ್ರದ ಮೇಲಿನ ಭಾರ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ.

ಇಳಿಜಾರಿನ ಲೆಕ್ಕ ಮಾಡೋಣ. ಹತ್ತು ಅಡಿ ದೂರಕ್ಕೆ ಹತ್ತು ಇಂಚು ಏರುವ ನೆಲ ಅಂದರೆ ಹತ್ತಿರ ಹತ್ತಿರ 5 ಡಿಗ್ರಿ. ತೋಟದಲ್ಲಿ ಇದನ್ನು ಯಾರೂ ಇಳಿಜಾರು ಅಂತಲೇ ಕರೆಯುವುದಿಲ್ಲ, "ಸ್ವಲ್ಪ ವಾರೆ ಇದೆ" ಅನ್ನುತ್ತಾರೆ. ಅಲ್ಲಿ ಅಡ್ಡಕ್ಕೆ ನಿಲ್ಲಿಸಿ 12 ಅಡಿ ಎತ್ತಿದರೆ ಬಕೆಟ್ ಒಂದಡಿ ಪಕ್ಕಕ್ಕೆ ಸರಿದಿರುತ್ತದೆ. ಅದೇ 5 ಡಿಗ್ರಿಯಲ್ಲಿ 40 ಅಡಿ ಮೇಲೆ ಹೋದರೆ ಮೂರೂವರೆ ಅಡಿ. ಕೆಳಗೆ ಕಾಣದ ವಾರೆ ಮೇಲೆ ಹೋದಷ್ಟೂ ದೊಡ್ಡದಾಗುತ್ತದೆ. ನೆಲ ಅಳೆಯಲು ಗಾರೆಯವರ ರಸಮಟ್ಟ ಒಂದು ಇದ್ದರೆ ಸಾಕು, ಫೋನಿನಲ್ಲೂ ಬರುತ್ತದೆ.

ಲೋಡರ್ ಏರುವುದೇ ಹತ್ತು ಹನ್ನೆರಡು ಅಡಿ, ಅಷ್ಟಕ್ಕೆ ಏನಾಗುತ್ತದೆ ಅನ್ನುವವರಿಗೆ ಒಂದು ಲೆಕ್ಕ. 12 ಅಡಿಯಿಂದ ಬಿದ್ದರೆ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಕೆಳಗೆ ಕಾಫಿ ಗಿಡದ ಬುಡ, ಕಲ್ಲು, ಇಲ್ಲವೇ ಕಣದ ಸಿಮೆಂಟ್ ಇರುತ್ತದೆ. ಜೊತೆಗೆ ಈ ಹನ್ನೆರಡು ಅಡಿ ಯಾರಿಗೂ ಸಾಲುವುದಿಲ್ಲ ಅನ್ನುವುದೇ ದೊಡ್ಡ ತೊಂದರೆ. ಸಿಲ್ವರ್ ಓಕ್ ಅದರ ಐದಾರು ಪಟ್ಟು ಎತ್ತರ ಇರುತ್ತದೆ. ಆಗ ಬಕೆಟ್ಟಿನೊಳಗೆ ಏಣಿ ಇಡುತ್ತಾರೆ. ಬಕೆಟ್ಟಿನ ಇಳಿಜಾರು ತಳದಲ್ಲಿ ಏಣಿಯ ಒಂದು ಕಾಲು, ಅಂಚಿನಲ್ಲಿ ಇನ್ನೊಂದು ಕಾಲು, ಕೆಳಗೆ ಒಬ್ಬ ಹಿಡಿದುಕೊಂಡಿರುತ್ತಾನೆ, ಮೇಲೆ ಇನ್ನೊಬ್ಬ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಏರುತ್ತಿರುತ್ತಾನೆ. ಇದಕ್ಕೆ ಯಾವ ಮುಂಜಾಗ್ರತೆಯೂ ಹೇಳಲು ಬರುವುದಿಲ್ಲ. ಮಾಡಬಾರದು, ಅಷ್ಟೇ.

ಲೋಡರ್ ಜೊತೆ ಬರುವ ಪುಸ್ತಕ ತೆಗೆದು ನೋಡಿ, ಬಕೆಟ್ಟಿನಲ್ಲಿ ಮನುಷ್ಯರನ್ನು ಎತ್ತಬೇಡಿ ಅಂತ ಬರೆದೇ ಇರುತ್ತದೆ. ತೋಳಿನ ಮೇಲೆ ಅಂಟಿಸಿದ ಚಿತ್ರದಲ್ಲೂ ಇರುತ್ತದೆ, ನಮ್ಮಲ್ಲಿ ಅದರ ಮೇಲೆ ದೇವರ ಸ್ಟಿಕರ್ ಬಂದಿರಬಹುದು. ಬೇರೆ ದೇಶಗಳಲ್ಲಿ ಹೊಲದ ಕೆಲಸಕ್ಕೆ ಲೋಡರಿಗೆ ಸಿಕ್ಕಿಸುವ ಪ್ಲಾಟ್‌ಫಾರ್ಮ್ ಇದೆ, ನಿಜ. ಆದರೆ ಅಲ್ಲೂ ಅದನ್ನು ದಿನದ ಕೆಲಸಕ್ಕೆ ಬಳಸಿ ಅನ್ನುವುದಿಲ್ಲ. ಬ್ರಿಟನ್ನಿನಲ್ಲಿ ಎತ್ತರದ ಕೆಲಸಕ್ಕೆಂದೇ 2005ರಲ್ಲಿ ಮಾಡಿದ ನಿಯಮ ಇದೆ. ಅದರ ಕ್ರಮ ನನಗೆ ಹಿಡಿಸುತ್ತದೆ: ಮೊದಲು, ಮೇಲೆ ಹೋಗದೇ ಕೆಲಸ ಆಗುತ್ತದಾ ನೋಡು, ಆಗದಿದ್ದರೆ ಬೀಳದ ಹಾಗೆ ಮಾಡು, ಅದೂ ಆಗದಿದ್ದರೆ ಬಿದ್ದರೂ ಏಟು ಕಡಿಮೆ ಆಗುವ ಹಾಗೆ ಮಾಡು. ನಾವು ಕೊನೆಯಿಂದ ಶುರು ಮಾಡುತ್ತೇವೆ, ಹೆಲ್ಮೆಟ್ ಕೊಟ್ಟೆವಲ್ಲ ಅಂತ. ಎಷ್ಟೋ ಸಣ್ಣ ರೆಂಬೆಗಳನ್ನು ಉದ್ದ ಗಳುವಿನ ಗರಗಸದಲ್ಲಿ ನೆಲದಿಂದಲೇ ತೆಗೆಯಬಹುದು.

ವೆಲ್ಡಿಂಗ್ ಶಾಪಿನಲ್ಲಿ ಬಾಸ್ಕೆಟ್ ಮಾಡಿಸಿ ಲೋಡರಿಗೆ ಸಿಕ್ಕಿಸುತ್ತೇವೆ ಅನ್ನುವವರಿಗೆ ನನ್ನ ಮಾತು ಬೇಡ ಅಂತಲೇ. ಸೊಂಟದ ಮೇಲೆ ಬರುವ ಕಟಕಟೆ ಹಾಕಿದರೂ, ಒಳಗೆ ತೆರೆಯುವ ಬಾಗಿಲು ಇಟ್ಟರೂ, ಪಿನ್ ಹಾಕಿ ಲಾಕ್ ಮಾಡಿದರೂ ಅದೇ ಹಳೇ ಪೈಪ್, ಅದೇ ಲಿವರ್, ಅದೇ ತ್ರಿಕೋನ ಕೆಳಗೆ ಉಳಿದಿರುತ್ತದೆ. ಟ್ರ್ಯಾಕ್ಟರೇ ಬೇಕು ಅಂದರೆ ಮನುಷ್ಯರನ್ನು ಎತ್ತಲೆಂದೇ ಮಾಡಿದ, ತನ್ನದೇ ಜ್ಯಾಕ್ ಇರುವ ಪ್ಲಾಟ್‌ಫಾರ್ಮ್ ಬರುತ್ತದೆ. ಅದರಲ್ಲಿ ಜ್ಯಾಕ್ ನೆಲಕ್ಕೆ ಒತ್ತಿ ಮಟ್ಟ ಮಾಡಿದ ಮೇಲೇ ಮೇಲೆ ಹೋಗಬೇಕು. ಜ್ಯಾಕ್ ಕೆಳಗೆ ದಪ್ಪ ಹಲಗೆ ಹಾಕಿ, ಕಲ್ಲು ಹಾಕಬೇಡಿ, ಕಲ್ಲು ಉರುಳುತ್ತದೆ. ಆಳು ಮೇಲಿರುವಾಗ ಟ್ರ್ಯಾಕ್ಟರನ್ನು ಒಂದು ಗೇಣೂ ಸರಿಸಬಾರದು. "ಸ್ವಲ್ಪ ಮುಂದೆ ತಗೋ" ಅನ್ನುವ ಮಾತಿಗೇ ಅವಕಾಶ ಇರಬಾರದು.

ಇನ್ನು ಬೂಮ್ ಲಿಫ್ಟ್. ಹಾಸನ, ಚಿಕ್ಕಮಗಳೂರು ಪೇಟೆಯಲ್ಲಿ ಬೀದಿ ದೀಪಕ್ಕೆ, ಕಟ್ಟಡಕ್ಕೆ, ಕಾಫಿ ಕ್ಯೂರಿಂಗ್ ವರ್ಕ್ಸ್ ಥರದ ದೊಡ್ಡ ಶೆಡ್ಡುಗಳ ಸೂರಿಗೆ ಇದು ಸರಿಯಾದ ಯಂತ್ರ. ಉದ್ದಕ್ಕೆ ಚಾಚುವುದು ಒಂದು ಬಗೆ, ಮೊಣಕೈ ಥರ ಮಡಚಿ ಅಡ್ಡಿ ದಾಟಿ ಹೋಗುವುದು ಇನ್ನೊಂದು. ಮರಗಳ ಮಧ್ಯೆ ಎರಡನೆಯದೇ ಕೆಲಸಕ್ಕೆ ಬರುವುದು. ಆದರೆ ಇದು ಬಂದ ಕೂಡಲೇ ಅಪಾಯ ಮುಗಿಯಿತು ಅಂತಲ್ಲ, ಬೇರೆ ಥರದ ಅಪಾಯ ಶುರುವಾಗುತ್ತದೆ.

ಮೊದಲನೆಯದು ತೂಕ. 45 ಅಡಿ ಎತ್ತುವ ಮಡಚುವ ಬೂಮ್ ಲಿಫ್ಟ್ ಆರೇಳು ಟನ್ ಬರುತ್ತದೆ. ಅಷ್ಟೂ ಭಾರ ನಾಲ್ಕು ಚಕ್ರದ ಮೇಲೆ, ಬೂಮ್ ಒಂದು ಕಡೆ ಚಾಚಿದಾಗ ಹೆಚ್ಚಿನ ಭಾರ ಒಂದೆರಡು ಚಕ್ರದ ಮೇಲೇ ಕೂರುತ್ತದೆ. ನಮ್ಮ ಎಸ್ಟೇಟ್ ರಸ್ತೆಯ ಅಂಚು, ತುಂಬಿಸಿದ ಮಣ್ಣು, ಮುಚ್ಚಿದ ಕಸದ ಗುಂಡಿ, ಪೈಪ್ ಹೂತು ಮುಚ್ಚಿದ ಚರಂಡಿ, ಬೇಸಿಗೆ ಮಳೆ ಬಿದ್ದ ಮಾರನೇ ದಿನದ ನೆಲ, ಇವೆಲ್ಲ ಮೇಲಿಂದ ಗಟ್ಟಿಯಾಗೇ ಕಾಣುತ್ತವೆ. ಬಾಸ್ಕೆಟ್ ಮೇಲಿರುವಾಗ ಒಂದು ಚಕ್ರ ನಾಲ್ಕು ಇಂಚು ಕುಸಿದರೆ, ಯಂತ್ರ ಬೀಳದೇ ಇರಬಹುದು, ಆದರೆ ಬೂಮಿನ ತುದಿ ಚಾವಟಿ ಬೀಸಿದಂತೆ ಜಾಡಿಸುತ್ತದೆ. ಬೆಲ್ಟ್ ಹಾಕದವನು ಕಟಕಟೆ ದಾಟಿ ಹೊರಗೆ ಎಸೆಯಲ್ಪಡುತ್ತಾನೆ. ಜನ ಯಂತ್ರ ಮಗುಚುವುದಕ್ಕೆ ಹೆದರುತ್ತಾರೆ, ಈ ಜಾಡಿಸುವುದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಯಂತ್ರ ಬರುವ ಮುಂಚೆ ಆ ದಾರಿಯಲ್ಲಿ ಗುದ್ದಲಿ ಹಿಡಿದು ಒಮ್ಮೆ ನಡೆದು ಬನ್ನಿ. ಎಲ್ಲಿ ಏನು ಹೂತಿದೆ ಅಂತ ಹಳೇ ಮೇಸ್ತ್ರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ.

ಎರಡನೆಯದು ಬಾಸ್ಕೆಟ್ಟಿನ ಭಾರ. ಯಂತ್ರದ ತಗಡಿನ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ 200ರಿಂದ 230 ಕಿಲೋ. ಇಬ್ಬರು ಆಳು 130 ಕಿಲೋ, ಸಾಮಾನು 15 ಕಿಲೋ, ಏನೂ ತೊಂದರೆ ಇಲ್ಲ. ಆದರೆ ಮೆಣಸು ಬಿಡಿಸುವಾಗ ಬಾಸ್ಕೆಟ್ ಹೋಗುವಾಗ ಖಾಲಿ, ಬರುವಾಗ ತುಂಬಿರುತ್ತದೆ. ಹಸಿ ಮೆಣಸಿನ ಚೀಲ ಎರಡು ಮೂರು ಸೇರಿದರೆ ಲೆಕ್ಕ ಮೀರುತ್ತದೆ, ಅದೂ ಬೂಮ್ ಪೂರ್ತಿ ಚಾಚಿದ ಹೊತ್ತಿನಲ್ಲಿ. ಚೀಲ ಅರ್ಧ ಆದಾಗಲೇ ಕೆಳಗೆ ಬಂದು ಇಳಿಸಿ. ಭಾರ ಜಾಸ್ತಿಯಾದರೆ ಕೂಗುವ ಸೆನ್ಸರ್ ಈಗಿನ ಯಂತ್ರಗಳಲ್ಲಿ ಇರುತ್ತದೆ, ವಾರೆಯಾದರೆ ಕೂಗುವುದೂ ಇರುತ್ತದೆ. ಅದರ ವೈರ್ ಕಿತ್ತ ಯಂತ್ರ ಬಾಡಿಗೆಗೆ ಬಂದರೆ ಗೇಟಿನಿಂದಲೇ ವಾಪಸ್ ಕಳಿಸಿ. ಗಾಳಿಗೂ ಮಿತಿ ಇದೆ, ಹೊರಗೆ ಬಳಸುವ ಹೆಚ್ಚಿನವಕ್ಕೆ ಸೆಕೆಂಡಿಗೆ 12.5 ಮೀಟರ್, ಗಂಟೆಗೆ 45 ಕಿಲೋಮೀಟರ್. ಏಪ್ರಿಲ್ ಮಧ್ಯಾಹ್ನ ಮೋಡ ಕಟ್ಟಿ ಗಾಳಿ ಎದ್ದರೆ ಅಳತೆ ಮಾಡುತ್ತಾ ಕೂರಬೇಡಿ, ಇಳಿಸಿ.

ಮರಗಸಿಗೆ ಬಂದರೆ ಇನ್ನೊಂದು ಮಾತು. ಬಾಸ್ಕೆಟ್ಟನ್ನು ಪಕ್ಕಕ್ಕೆ ತಳ್ಳುವ, ಎಳೆಯುವ ಬಲಕ್ಕೂ ಮಿತಿ ಇದೆ, ಇಬ್ಬರ ಬಾಸ್ಕೆಟ್ಟಿಗೆ ಸಾಮಾನ್ಯವಾಗಿ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ. ಕೊಂಬೆಗೆ ಹಗ್ಗ ಕಟ್ಟಿ ಬಾಸ್ಕೆಟ್ಟಿನಿಂದ ಎಳೆದರೆ ಅದು ಯಾವಾಗ ಮೀರುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಕಡಿಯುವ ಕೊಂಬೆಯ ಕೆಳಗೆ ಬಾಸ್ಕೆಟ್ಟೂ ಇರಬಾರದು, ಬೂಮೂ ಇರಬಾರದು. ಬಾಸ್ಕೆಟ್ ಪಕ್ಕದಲ್ಲಿದೆ ಅಂತ ಸಮಾಧಾನ ಮಾಡಿಕೊಂಡು ಬೂಮನ್ನು ಮರೆಯುವುದೇ ಜಾಸ್ತಿ. ಭಾರದ ಕೊಂಬೆ ಬಿದ್ದ ಕೂಡಲೇ ಉಳಿದ ಮರ ಮೇಲಕ್ಕೆ ಚಿಮ್ಮುತ್ತದೆ, ಬಾಸ್ಕೆಟ್ ಅದಕ್ಕೆ ಒರಗಿದ್ದರೆ ಅದರ ಜೊತೆ ಅಲ್ಲಾಡುತ್ತದೆ. ಸಣ್ಣ ತುಂಡಾಗಿ ಕಡಿಯಿರಿ. ಕೊಂಬೆಗಳ ನಡುವೆ, ಶೆಡ್ಡಿನ ತೊಲೆಯ ಕೆಳಗೆ ಮೇಲೆ ಏರುವಾಗ ಎದುರಿನ ಕಂಟ್ರೋಲ್ ನೋಡಿಕೊಂಡಿರುತ್ತೇವೆ, ತಲೆ ಮೇಲೆ ಏನಿದೆ ನೋಡುವುದಿಲ್ಲ. ಕುತ್ತಿಗೆ ಮರಕ್ಕೂ ಕಟಕಟೆಗೂ ನಡುವೆ ಸಿಕ್ಕಿಕೊಂಡರೆ ದೇಹ ಕಂಟ್ರೋಲ್ ಮೇಲೇ ಒರಗುತ್ತದೆ, ಯಂತ್ರ ಇನ್ನೂ ಮೇಲಕ್ಕೆ ಒತ್ತುತ್ತದೆ. ಮೇಲೆ ನೋಡಿ, ಆಮೇಲೆ ಪೆಡಲ್.

ಬೆಲ್ಟಿನ ವಿಷಯ. ಸೊಂಟದ ಬೆಲ್ಟ್ ಬೇಡ, ಮೈತುಂಬಾ ಬರುವ ಹಾರ್ನೆಸ್ ಬೇಕು, ಅದರ ಮೇಲೆ ಭಾರತೀಯ ಮಾನಕದ ಗುರುತು ಐಎಸ್ 3521 ಅಂತ ಇರಬೇಕು. ಹೆಲ್ಮೆಟ್ಟಿಗೆ ಗದ್ದದ ಪಟ್ಟಿ ಇಲ್ಲದಿದ್ದರೆ ಅದು ನಿಮಗಿಂತ ಮುಂಚೆ ಬೀಳುತ್ತದೆ. ಬಾಸ್ಕೆಟ್ಟಿನಲ್ಲಿ ಹಾರ್ನೆಸ್ ಹಗ್ಗ ಗಿಡ್ಡ ಇರಬೇಕು, ಕಟಕಟೆ ದಾಟಲು ಬಿಡದಷ್ಟು. ಉದ್ದ ಹಗ್ಗಕ್ಕೆ, ಬಿದ್ದಾಗ ಏಟು ತಡೆಯಲು ಬಿಚ್ಚಿಕೊಳ್ಳುವ ಪಟ್ಟಿ ಇರುವುದು ದುಬಾರಿ, ಅದೇ ಒಳ್ಳೆಯದು ಅಂತ ತರುತ್ತಾರೆ. ಲೆಕ್ಕ ಹಾಕಿ: ಹಗ್ಗ ಆರೂವರೆ ಅಡಿ, ಪಟ್ಟಿ ಬಿಚ್ಚಿಕೊಂಡು ಐದೂವರೆ ಅಡಿ, ಅದರ ಕೆಳಗೆ ನೇತಾಡುವ ಮನುಷ್ಯನ ಉದ್ದ, ಎಚ್ಚರಿಕೆಗೆ ಇನ್ನು ಸ್ವಲ್ಪ. ಎಲ್ಲ ಸೇರಿ ಸುಮಾರು 20 ಅಡಿ ಖಾಲಿ ಜಾಗ ಬೇಕು. 15 ಅಡಿ ಎತ್ತರದಲ್ಲಿ ಅದು ಬಿಚ್ಚಿಕೊಂಡು ಮುಗಿಯುವ ಮುಂಚೆ ನೆಲ ಬಂದಿರುತ್ತದೆ. ಹಗ್ಗವನ್ನು ಬಾಸ್ಕೆಟ್ಟಿನಲ್ಲಿ ಅದಕ್ಕೆಂದೇ ಇಟ್ಟ ಕೊಂಡಿಗೆ ಸಿಕ್ಕಿಸಿ. ಮರಕ್ಕೆ ಕಟ್ಟಲೇಬೇಡಿ, ಬಾಸ್ಕೆಟ್ ಕೆಳಗೆ ಹೋದರೆ ನೀವು ಮರದಲ್ಲಿ ಉಳಿಯುತ್ತೀರಿ.

ಕರೆಂಟು. ನಮ್ಮ ತೋಟಗಳ ನಡುವೆಯೇ 11 ಕೆವಿ (11,000 ವೋಲ್ಟ್) ಲೈನ್ ಹೋಗಿರುತ್ತದೆ, ತಂತಿಗೆ ಯಾವ ಹೊದಿಕೆಯೂ ಇರುವುದಿಲ್ಲ. ಅಲ್ಯೂಮಿನಿಯಂ ಏಣಿ ಎತ್ತುವಾಗ ತಂತಿಗೆ ತಾಗಿ ಸತ್ತ ಸುದ್ದಿ ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ಬೂಮ್ ಲಿಫ್ಟೂ ಲೋಹವೇ. ವಿದ್ಯುತ್ ತಡೆಯುವ ಬೂಮ್ ಬೇರೆಯೇ ಬರುತ್ತದೆ, ಬಾಡಿಗೆಗೆ ಸಿಗುವ ಮಾಮೂಲಿಯದು ಅದಲ್ಲ. ಇಂಥ ಲೈನಿನಿಂದ ಬಾಸ್ಕೆಟ್, ಕೈ, ಗರಗಸದ ಗಳು, ಕಡಿದ ಕೊಂಬೆ ಯಾವುದೂ ಹತ್ತು ಅಡಿಯೊಳಗೆ ಬರಬಾರದು. ಹತ್ತಡಿ ಜಾಸ್ತಿ ಅನ್ನಿಸಬಹುದು. ಆದರೆ ಗಾಳಿಗೆ ತಂತಿಯೂ ಆಡುತ್ತದೆ, ಬಾಸ್ಕೆಟ್ಟೂ ಆಡುತ್ತದೆ, ಆಕಾಶದ ಎದುರು ತಂತಿ ಎಷ್ಟು ದೂರ ಇದೆ ಅಂತ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕಿಂತ ಹತ್ತಿರದ ಕೆಲಸ ಇದ್ದರೆ ವಿದ್ಯುತ್ ಕಂಪನಿಯ, ಅಂದರೆ ಹಾಸನದಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಬರೆದು ಕೊಟ್ಟು ಲೈನ್ ಕ್ಲಿಯರ್ (ಲೈನ್ ಆಫ್ ಮಾಡಿದ ಅನುಮತಿ) ತಗೊಳ್ಳಿ. ಲೈನ್‌ಮ್ಯಾನ್ ಪರಿಚಯ ಅಂತ ಫೋನಿನಲ್ಲಿ "ಸ್ವಲ್ಪ ಆಫ್ ಮಾಡಿ" ಅನ್ನುವುದು ಬೇಡ. ಅವರು ಬೇರೆ ಕಡೆ ಹೋಗಿರುತ್ತಾರೆ, ಇನ್ಯಾರೋ ಲೈನಿಗೆ ಮತ್ತೆ ಕರೆಂಟ್ ಬಿಡುತ್ತಾರೆ.

ತಾಗಿಯೇ ಬಿಟ್ಟರೆ ಕೆಳಗಿದ್ದವರು ಯಂತ್ರ ಮುಟ್ಟಬಾರದು, ಹತ್ತಿರ ಓಡಿ ಬರಬಾರದು. ಸುತ್ತಲಿನ ನೆಲದಲ್ಲೂ ಕರೆಂಟ್ ಹರಡಿರುತ್ತದೆ, ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹರಿಯುತ್ತದೆ. ಟ್ರ್ಯಾಕ್ಟರಿನ ಸೀಟಿನಲ್ಲಿ ಇರುವವನು ಕೂತಲ್ಲೇ ಕೂರಬೇಕು. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ನೆಗೆಯಬೇಕು, ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು, ಆಮೇಲೆ ಪಾದ ಎತ್ತದೆ ಜಾರಿಸಿಕೊಂಡು ದೂರ ಹೋಗಬೇಕು. ಫೋನ್ ವಿದ್ಯುತ್ ಕಂಪನಿಯ 1912ಕ್ಕೆ. ಕರೆಂಟ್ ತೆಗೆದಿದೆ ಅಂತ ಅವರೇ ಹೇಳುವ ತನಕ ಯಾರೂ ಹತ್ತಿರ ಹೋಗಬಾರದು.

ನಮ್ಮ ಕಡೆಗೇ ಸೇರಿದ ಇನ್ನೊಂದು ಶತ್ರು ಹೆಜ್ಜೇನು. ಎತ್ತರದ ಮರದಲ್ಲಿ, ಎಲೆ ಮರೆಯಲ್ಲಿ ತಟ್ಟಿ ಇರುತ್ತದೆ, ಕೆಳಗಿಂದ ಕಾಣುವುದಿಲ್ಲ. ಎಂಜಿನ್ ಹೊಗೆ, ಗರಗಸದ ಸದ್ದು ಎರಡೂ ಅದಕ್ಕೆ ಆಗದು. ಬೂಮ್ ಲಿಫ್ಟ್ ಇಳಿಯುವುದು ನಿಧಾನ, ಎದ್ದ ಹುಳ ಕಾಯುವುದಿಲ್ಲ, ಗಾಬರಿಯಲ್ಲಿ ಆಳು ಕೊಂಡಿ ಬಿಚ್ಚಿ ಹಾರಲು ನೋಡುತ್ತಾನೆ. ಹಿಂದಿನ ದಿನವೇ ಎರಡು ಮೂರು ಕಡೆಯಿಂದ ಮರ ನೋಡಿ, ತಟ್ಟಿ ಕಂಡರೆ ಆ ಮರ ಬಿಡಿ. ಆಲೂರು, ಸಕಲೇಶಪುರ, ಬೇಲೂರು ಕಡೆಯವರು ಬೆಳಿಗ್ಗೆ ಆನೆ ಎಲ್ಲಿದೆ ಅಂತಲೂ ವಿಚಾರಿಸಬೇಕು, ಅದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದಮೇಲೂ ಜನ ಮರೆಯುವುದು ಕೆಳಗಿನವನನ್ನು. ಮೇಲಿರುವವನಿಗೆ ತಲೆ ಸುತ್ತಿದರೆ, ಎಂಜಿನ್ ನಿಂತರೆ, ಇಳಿಸುವವರು ಯಾರು? ಬೂಮ್ ಲಿಫ್ಟಿನ ಬುಡದಲ್ಲೂ ಕಂಟ್ರೋಲ್ ಇದೆ, ಎಂಜಿನ್ ಇಲ್ಲದಿದ್ದರೂ ಇಳಿಸುವ ತುರ್ತು ವ್ಯವಸ್ಥೆಯೂ ಇದೆ. ಆದರೆ ಆಪರೇಟರ್ ಮೇಲೆ, ಬೀಗದ ಕೈ ಅವನ ಜೇಬಲ್ಲಿ, ಕೆಳಗಿನ ಹುಡುಗನಿಗೆ ಯಾವ ಬಟನ್ ಅಂತ ಗೊತ್ತಿಲ್ಲ, ಹೀಗೇ ಇರುತ್ತದೆ. ಹಾರ್ನೆಸ್ಸಿನಲ್ಲಿ ನೇತಾಡುವವನನ್ನು ಜಾಸ್ತಿ ಹೊತ್ತು ಬಿಡುವಂತಿಲ್ಲ, ತೊಡೆಯ ಪಟ್ಟಿ ಒತ್ತಿ ರಕ್ತ ಕಾಲಲ್ಲೇ ನಿಲ್ಲುತ್ತದೆ, ನಿಮಿಷಗಳಲ್ಲೇ ಪ್ರಜ್ಞೆ ತಪ್ಪಬಹುದು. ಪೇಟೆಯಿಂದ ಗಾಡಿ ಬರಲಿ ಅಂತ ಕಾದರೆ ಆಗದು. ಹಾಗಾಗಿ ಪ್ರತಿ ಬೆಳಿಗ್ಗೆ ಬಾಸ್ಕೆಟ್ ಖಾಲಿ ಇಟ್ಟುಕೊಂಡು, ಕೆಳಗಿನ ಹುಡುಗನ ಕೈಯಲ್ಲೇ ಒಮ್ಮೆ ಎತ್ತಿಸಿ, ಎಂಜಿನ್ ಆಫ್ ಮಾಡಿ ಇಳಿಸಲು ಹೇಳಿ. ಜೊತೆಗೆ ಟೈರು, ಎಣ್ಣೆ ಸೋರಿಕೆ, ಪಿನ್ನು, ಪೈಪು ನೋಡಿಬಿಡಿ. ಕೆಲಸ ನಡೆಯುವಾಗ ಆ ಹುಡುಗ ಕಾಫಿ ತರಲು ಹೋಗುವಂತಿಲ್ಲ.

ಬಾಡಿಗೆಗೆ ತರುವಾಗ ದಿನಕ್ಕೆ ಎಷ್ಟು ಅಂತ ಕೇಳುವ ಮೊದಲು ಕೊನೆಯ ಸಲ ಪರೀಕ್ಷೆ ಮಾಡಿಸಿದ ಕಾಗದ ಕೇಳಿ, ಎಷ್ಟು ವಾರೆಯವರೆಗೆ ಎತ್ತಬಹುದು ಕೇಳಿ. ಬೂಮ್ ಎತ್ತಿದಾಗ ಸಾಮಾನ್ಯವಾಗಿ 3ರಿಂದ 5 ಡಿಗ್ರಿ ಅಷ್ಟೇ. ಈ ಉತ್ತರ ಕೇಳಿದ ಮೇಲೆ ನಿಮ್ಮ ತೋಟದ ಅರ್ಧ ಭಾಗಕ್ಕೆ ಯಂತ್ರ ಹೋಗುವುದೇ ಇಲ್ಲ ಅಂತ ಗೊತ್ತಾಗಬಹುದು. ಆ ಅರ್ಧಕ್ಕೆ ಹತ್ತುವವರೇ ಬೇಕು. ಅವರಿಗೆ ಹಾರ್ನೆಸ್ ಜೊತೆ ಎರಡು ಹಗ್ಗ ಕೊಡಿ, ಒಂದನ್ನು ಬಿಚ್ಚಿ ಮೇಲಿನ ಕೊಂಬೆಗೆ ದಾಟಿಸುವಾಗ ಇನ್ನೊಂದು ಕಟ್ಟಿಯೇ ಇರಬೇಕು. ಮಳೆ ಬಂದು ತೊಗಟೆ ಒದ್ದೆಯಾದ ದಿನ ಹತ್ತಿಸಬೇಡಿ, ಆ ದಿನದ ಕೂಲಿ ಕೊಟ್ಟು ಕೆಳಗಿನ ಕೆಲಸಕ್ಕೆ ಹಾಕಿ.